ಕಾಯಕದ ಅಳತೆ: ದುರ್ಗದ ಸೀಮೆಯ ಕೆಲವು ನಿದರ್ಶನಗಳು

ಒಂದೇ ಕೆಲಸವನ್ನು ಹತ್ತು ಜನ ಮಾಡುತ್ತಾರೆ. ಅವರಲ್ಲಿ ಒಬ್ಬನ ಕೆಲಸ ಮಾತ್ರ ಬೇರೆಯಾಗಿ ಎದ್ದು ಕಾಣುತ್ತದೆ. ಕಲಿತ ವಿದ್ಯೆ ಒಂದೇ, ಕೈಯಲ್ಲಿರುವ ಉಪಕರಣ ಒಂದೇ, ದೊರೆಯುವ ವೇತನವೂ ಒಂದೇ. ಹೀಗಿದ್ದರೂ ಈ ಅಂತರ ಎಲ್ಲಿಂದ ಬಂದಿತು? ವಕೀಲನಾಗಲಿ, ವೈದ್ಯನಾಗಲಿ, ಅಧ್ಯಾಪಕನಾಗಲಿ, ಬಡಗಿಯಾಗಲಿ, ತನ್ನ ವೃತ್ತಿಯಲ್ಲಿ ಹಿರಿಮೆ ಪಡೆಯಬೇಕೆಂದು ಬಯಸುವ ಪ್ರತಿಯೊಬ್ಬನೂ ಎಂದಾದರೊಂದು ದಿನ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು. ಇಂದಿನ ಕಾಲ ಇದಕ್ಕೆ ಸಿದ್ಧವಾದ ಉತ್ತರಗಳನ್ನು ಕೊಡುತ್ತದೆ: ಚುರುಕುತನ ಬೇಕು, ಮಾತಿನ ಜಾಣ್ಮೆ ಬೇಕು, ಮೇಲಿನವರ ಕಣ್ಣಿಗೆ ಬೀಳುವ ಕಲೆ ಬೇಕು. ಇವು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಇವೆಲ್ಲವೂ ಮನುಷ್ಯನನ್ನು ಪಕ್ಕದವನೊಡನೆ ಹೋಲಿಸಿ ಅಳೆಯುವ ಗುಣಗಳು. ಕೆಲಸವನ್ನು ಆ ಕೆಲಸದೊಡನೆಯೇ ಇಟ್ಟು ಅಳೆಯುವ ಇನ್ನೊಂದು ಕ್ರಮವುಂಟು. ಹನ್ನೆರಡನೆಯ ಶತಮಾನದ ಶರಣರು ಎತ್ತಿಹಿಡಿದದ್ದು ಆ ಎರಡನೆಯ ಕ್ರಮವನ್ನು.

ಈ ವಿಚಾರವನ್ನು ಕೇವಲ ತತ್ತ್ವವಾಗಿ ಹೇಳದೆ, ಒಂದು ಸೀಮೆಯ ಇತಿಹಾಸದಲ್ಲಿ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಈ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆಯಾದ, ಕಲ್ಲುಗುಡ್ಡಗಳ, ದುಡಿಮೆಯನ್ನೇ ನಂಬಿ ಬದುಕಿದ ನಾಡು. ಇಲ್ಲಿ ದುಡಿಮೆಯ ಬಗೆಗೆ ಹೇಳಬಲ್ಲ ನಾಲ್ಕು ಸಾಕ್ಷಿಗಳಿವೆ. ಅವುಗಳಲ್ಲಿ ಮೊದಲನೆಯದು ಒಂದು ಹಗ್ಗದ ಕಥೆ.

ಹೊಳಲ್ಕೆರೆ ತಾಲ್ಲೂಕಿನಲ್ಲಿ ನುಲೇನೂರು ಎಂಬ ಗ್ರಾಮವಿದೆ. ಶರಣ ನುಲಿಯ ಚಂದಯ್ಯನವರು ಐಕ್ಯರಾದ ಸ್ಥಳವೆಂದು ಅದಕ್ಕೆ ಪ್ರಸಿದ್ಧಿ. ವಿಜಯಪುರ ಜಿಲ್ಲೆಯ ಶಿವಣಗಿ ಚಂದಯ್ಯನವರ ಹುಟ್ಟೂರೆಂದೂ, ಕಲ್ಯಾಣಕ್ಕೆ ಬಂದು ಬಸವಾದಿ ಪ್ರಮಥರ ಸಂಗದಲ್ಲಿ ಬಾಳಿದರೆಂದೂ, ಕಲ್ಯಾಣದ ವಿಪ್ಲವದ ತರುವಾಯ ಉಳಿದ ಶರಣರೊಡನೆ ಹೊರಟು ಕಡೆಗೆ ಈ ಸೀಮೆಯಲ್ಲಿ ನೆಲೆನಿಂತರೆಂದೂ ಐತಿಹ್ಯ ಹೇಳುತ್ತದೆ. ಸಮೀಪದ ದುಮ್ಮಿಯ ಅರಸಿ ಪದ್ಮಾವತಿಯು ಅವರಿಗೆ ಶಿಷ್ಯೆಯಾದಳೆಂಬ ನಂಬಿಕೆಯೂ ಜನರಲ್ಲಿದೆ. ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸಬೇಕು. ಆದರೆ ಹಗ್ಗ ಹೊಸೆಯುವ ಒಬ್ಬ ದುಡಿಮೆಗಾರನ ನೆನಪನ್ನು ಒಂದು ನಾಡು ಎಂಟು ಶತಮಾನಗಳಿಗೂ ಮಿಗಿಲಾಗಿ ಕಾಪಾಡಿಕೊಂಡು ಬಂದಿದೆ ಎಂಬುದು ಐತಿಹ್ಯವಲ್ಲ, ಕಣ್ಣೆದುರಿನ ಸತ್ಯ. ಇಂದಿಗೂ ಕುಳುವ ಸಮುದಾಯದವರು ಚಂದಯ್ಯನವರನ್ನು ತಮ್ಮ ಕುಲಗುರುವೆಂದು ಆರಾಧಿಸುತ್ತಾರೆ.

ಚಂದಯ್ಯನವರ ವಚನಗಳ ಅಂಕಿತ ‘ಚಂದೇಶ್ವರಲಿಂಗ’. ದೊರೆತಿರುವ ವಚನಗಳ ಸಂಖ್ಯೆ 48. ಸಂಖ್ಯೆ ಸಣ್ಣದು, ಹೇಳಬೇಕಾದುದನ್ನು ಹೇಳಿ ಮತ್ತೆ ಕೆಲಸಕ್ಕೆ ಕುಳಿತವರ ಸಾಹಿತ್ಯವದು. ಅವರ ಕಾಯಕ, ಹುಲ್ಲು ಕೊಯ್ದು ತಂದು, ಹಗ್ಗ ಕಣ್ಣಿಗಳನ್ನು ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ನಡೆಸುವುದು. ‘ನುಲಿ’ ಎಂದರೆ ಹೊಸೆ, ಹುರಿಮಾಡು. ಅವರ ಹೆಸರಿನ ಮೊದಲ ಪದವೇ ಅವರ ಕೆಲಸ. ಈ ಹೆಸರುಗಳ ಪದ್ಧತಿಯನ್ನು ನಾವು ಸಾಮಾನ್ಯವಾಗಿ ಓದಿಕೊಂಡು ಮುಂದೆ ಹೋಗುತ್ತೇವೆ; ನಿಂತು ನೋಡಿದರೆ ಅದರ ಮಹತ್ತ್ವ ತಿಳಿಯುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಮಾರಯ್ಯ, ಮೋಳಿಗೆ ಮಾರಯ್ಯ, ಕೊಟ್ಟಣದ ಸೋಮಮ್ಮ: ಇಲ್ಲಿ ಕಸುಬು ಅಳಿಸಿಹಾಕಬೇಕಾದ ಕಳಂಕವಲ್ಲ, ಧರಿಸಬೇಕಾದ ಬಿರುದು.

ಶೂನ್ಯಸಂಪಾದನೆಯಲ್ಲಿ ಚಂದಯ್ಯನವರ ಸಂಪಾದನೆ ಎಂಬ ಪ್ರಸಂಗವೇ ಬರುತ್ತದೆ. ಅದರ ಕಥೆ ಅನೇಕರಿಗೆ ಪರಿಚಿತ. ಹುಲ್ಲು ಕೊಯ್ಯುತ್ತಿರುವಾಗ ಚಂದಯ್ಯನವರ ಇಷ್ಟಲಿಂಗವು ಜಾರಿ ಬೀಳುತ್ತದೆ. ಅವರು ಅದನ್ನು ಎತ್ತಿಕೊಳ್ಳದೆ ಕೆಲಸ ಮುಂದುವರಿಸುತ್ತಾರೆ. ಲಿಂಗವೇ ಅವರ ಬೆನ್ನು ಹತ್ತಿ ತನ್ನನ್ನು ಧರಿಸಬೇಕೆಂದು ಬೇಡಿಕೊಂಡರೂ ಒಪ್ಪುವುದಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬಂದು ವಾದ ನಡೆಯುತ್ತದೆ. ಕಡೆಗೆ, ಲಿಂಗವೂ ತಮ್ಮೊಡನೆ ದುಡಿಯಬೇಕು, ಹೊಸೆದ ಹಗ್ಗವನ್ನು ಅದೇ ಕೊಂಡುಹೋಗಿ ಮಾರಿಬರಬೇಕು ಎಂಬ ನಿಬಂಧನೆಯ ಮೇಲೆ ಚಂದಯ್ಯನವರು ಸಮ್ಮತಿಸುತ್ತಾರೆ. ಲಿಂಗವು ಹಗ್ಗವನ್ನು ಹೊತ್ತು ಬಸವಣ್ಣನವರಲ್ಲಿಗೆ ಹೋದಾಗ, ಅವರು ಭಕ್ತಿಯಿಂದ ಹಗ್ಗದ ಬೆಲೆಗೆ ಎಷ್ಟೋ ಪಾಲು ಮಿಗಿಲಾದ ಹೊನ್ನನ್ನು ಕೊಟ್ಟು ಕಳುಹಿಸುತ್ತಾರೆ. ಚಂದಯ್ಯನವರು ಆ ಹೊನ್ನನ್ನು ಒಪ್ಪುವುದಿಲ್ಲ. ಹಗ್ಗಕ್ಕೆ ಸಲ್ಲಬೇಕಾದಷ್ಟೇ ಸಲ್ಲಬೇಕು, ಮಿಕ್ಕದ್ದು ತಮ್ಮದಲ್ಲ.

ಈ ಕಥೆಯನ್ನು ಪವಾಡವೆಂದು ಮಾತ್ರ ಓದಿದರೆ ಅದರ ಅರ್ಧವನ್ನು ಕಳೆದುಕೊಂಡಂತೆ. ಕಾಯಕದ ಗುಣಗಳನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರಸಂಗ ವಚನ ವಾಙ್ಮಯದಲ್ಲಿ ವಿರಳ. ಇಲ್ಲಿ ಮೂರು ಗುಣಗಳನ್ನು ಗುರುತಿಸಬಹುದು.

ಮೊದಲನೆಯದು ತಲ್ಲೀನತೆ. ಬಿದ್ದ ಲಿಂಗವನ್ನು ಎತ್ತಿಕೊಳ್ಳದಿರುವುದು ಲಿಂಗನಿಂದೆಯಲ್ಲವೇ ಎಂಬ ಆಕ್ಷೇಪ ಸಹಜ. ಮಾಚಯ್ಯನವರ ವಾದವೂ ಅದೇ. ಆದರೆ ಚಂದಯ್ಯನವರ ನಿಲುವು ಲಿಂಗವನ್ನು ಕೆಳಗಿಳಿಸುವುದಲ್ಲ, ಕಾಯಕವನ್ನು ಲಿಂಗದ ಮಟ್ಟಕ್ಕೆ ಏರಿಸುವುದು. ಪೂಜೆಯ ನೆಪ ಹೇಳಿ ಕೆಲಸವನ್ನು ಅರ್ಧಕ್ಕೆ ಬಿಡುವವನಿಗೆ ಈ ಕಥೆಯಲ್ಲಿ ಆಶ್ರಯವಿಲ್ಲ. ಭಕ್ತಿಯಂತಹ ಪವಿತ್ರವಾದ ಕಾರಣವೇ ಸಲ್ಲದೆಂದಮೇಲೆ ಮಿಕ್ಕ ನೆಪಗಳ ಪಾಡೇನು?

ಎರಡನೆಯದು ಸಮಾನವಾದ ಹೊಣೆ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದ ಕಟ್ಟಳೆಯಿಂದ ಹೊರಗುಳಿಯುವಂತಿಲ್ಲವೆಂಬುದು ಚಂದಯ್ಯನವರ ವಚನಗಳ ಸಾರ. ಸ್ಥಾನ ಹಿರಿದಾದಷ್ಟೂ ದುಡಿಮೆಯಿಂದ ವಿನಾಯಿತಿ ಹೆಚ್ಚೆಂಬುದು ಲೋಕದ ರೂಢಿ. ಚಂದಯ್ಯನವರು ದೇವರ ತಲೆಯ ಮೇಲೆಯೇ ಹಗ್ಗದ ಹೊರೆಯನ್ನು ಹೊರಿಸಿ ಆ ರೂಢಿಯನ್ನು ತಲೆಕೆಳಗು ಮಾಡಿದರು. ತಾನು ಮಾಡಲೊಲ್ಲದ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸುವ ಹಿರಿಯನ ಮಾತಿಗೆ ತೂಕ ಬಾರದು.

ಮೂರನೆಯದು ಅಳತೆ. ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕೂ ತಾಯಿಬೇರು. ಹಗ್ಗದ ಕೆಲಸ ಅಳತೆಯ ಕೆಲಸ. ಹುರಿ ಹೆಚ್ಚಾದರೆ ಹಗ್ಗ ಗಂಟುಬೀಳುತ್ತದೆ. ಕಡಿಮೆಯಾದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ನಡುವೆ ಒಂದು ಎಳೆ ಸವಕಲಾಗಿದ್ದರೆ ಸಂತೆಯಲ್ಲಿ ಯಾರಿಗೂ ತಿಳಿಯದು. ತುಂಬಿದ ಕೊಡ ಬಾವಿಯ ಅರ್ಧಕ್ಕೆ ಬಂದಾಗ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಮಾರಿದವನು ದೂರದಲ್ಲಿರುತ್ತಾನೆ. ಆದುದರಿಂದ ಹಗ್ಗದ ಗಟ್ಟಿತನಕ್ಕೆ ಹೊಸೆದವನ ಮನಸ್ಸಲ್ಲದೆ ಬೇರೆ ಸಾಕ್ಷಿಯಿಲ್ಲ. ಈ ಅಳತೆಯನ್ನು ಕೈಯಲ್ಲಿ ಸಾಧಿಸಿದವನು ಬೆಲೆಯಲ್ಲಿಯೂ ಅದನ್ನು ಮೀರಲಾರ. ಹೆಚ್ಚಿನ ಹೊನ್ನನ್ನು ಒಪ್ಪಿದ್ದರೆ ಚಂದಯ್ಯನವರ ಹಗ್ಗ ಹಗ್ಗವಾಗಿ ಉಳಿಯುತ್ತಿರಲಿಲ್ಲ. ಬಸವಣ್ಣನವರ ಪ್ರೀತಿಯನ್ನು ಕೊಳ್ಳುವ ಸಾಧನವಾಗುತ್ತಿತ್ತು. ಆಯ್ದಕ್ಕಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ್ದೂ, ಸೌದೆ ಮಾರಿ ದಾಸೋಹ ನಡೆಸುತ್ತಿದ್ದ ಮೋಳಿಗೆ ಮಾರಯ್ಯನವರು ಬಸವಣ್ಣನವರು ಗುಟ್ಟಾಗಿ ಇರಿಸಿದ ಹೊನ್ನನ್ನು ತಮ್ಮದಾಗಿಸಿಕೊಳ್ಳದೆ ಹೋದದ್ದೂ ಇದೇ ನಿಲುವಿನ ಬೇರೆ ಬೇರೆ ರೂಪಗಳು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಾಯಕದ ಮಾತು ಹಲವು ಸಲ ದುಡಿಯುವವನ ಬಾಯಿ ಮುಚ್ಚಿಸಲು ಬಳಕೆಯಾಗಿದೆ. ಕೂಲಿ ಸಾಲದೆಂದವನಿಗೆ, ದುಡಿಮೆಯೇ ದೇವರು, ಫಲವನ್ನು ಎಣಿಸಬೇಡ ಎಂದು ಉಪದೇಶಿಸುವ ಧಣಿಗಳು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಚಂದಯ್ಯನವರ ಕಥೆ ಈ ಉಪದೇಶಕ್ಕೆ ಬೆಂಬಲ ಕೊಡುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅವರು ಹಗ್ಗವನ್ನು ಪುಕ್ಕಟೆ ಕೊಡಲಿಲ್ಲ, ಮಾರಿದರು. ಅದಕ್ಕೆ ಸಲ್ಲುವ ಬೆಲೆಯೊಂದುಂಟೆಂದು ಸಾರಿದರು. ಹೆಚ್ಚು ಕೊಳ್ಳುವುದು ತಪ್ಪಾದರೆ ಕಡಿಮೆ ಕೊಡುವುದೂ ತಪ್ಪೇ. ಅಳತೆ ಎಂಬುದು ಮಾಡುವವನಿಗೂ ಮಾಡಿಸಿಕೊಳ್ಳುವವನಿಗೂ ಒಂದೇ ಕೋಲು. ಆ ಕೋಲನ್ನು ಒಂದು ಕಡೆಗೆ ಮಾತ್ರ ಹಿಡಿಯುವವನು ಕಾಯಕತತ್ತ್ವವನ್ನು ಹೇಳುತ್ತಿಲ್ಲ, ತನ್ನ ಲಾಭವನ್ನು ಹೇಳುತ್ತಿದ್ದಾನೆ.

ಈ ಪ್ರಸಂಗಗಳು ಇಂದು ನಮ್ಮ ಕೈಗೆ ಸಿಗುವುದಕ್ಕೂ ಒಬ್ಬ ವೃತ್ತಿನಿರತನೇ ಕಾರಣನೆಂಬುದನ್ನು ಸಾಹಿತ್ಯ ವಿದ್ಯಾರ್ಥಿಗಳು ಮರೆಯಬಾರದು. ಡಾ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಮಠ ಮನೆಗಳ ಜಂತಿಗಳಲ್ಲಿ ಹುಳು ಹಿಡಿಯುತ್ತಿದ್ದ ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನೂ 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ಹೊರತಂದರು. ಸಾಕ್ಷ್ಯವನ್ನು ಹುಡುಕುವ, ಪಾಠವನ್ನು ಪಾಠದೊಡನೆ ಹೋಲಿಸುವ, ಕಡತವನ್ನು ಪೂರ್ಣಗೊಳಿಸುವ ವಕೀಲಿಯ ಶಿಸ್ತನ್ನೇ ಅವರು ವಚನಗಳ ಸೇವೆಗೆ ತಂದರೆಂದರೆ ತಪ್ಪಾಗಲಾರದು.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಂದರೆ ದುಡಿಮೆಯ ಇನ್ನೊಂದು ಮುಖ ಕಾಣುತ್ತದೆ. ನಾಯಕ ಅರಸರ ಕಾಲದಲ್ಲಿ ಬೆಳೆದು, 1779ರಲ್ಲಿ ಹೈದರಾಲಿಯ ವಶವಾದ ಏಳು ಸುತ್ತಿನ ಕೋಟೆಯನ್ನು ನೋಡಲು ಬರುವವರು ಅರಸರ ಹೆಸರುಗಳನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಕಲ್ಲು ಕಡಿದವರ ಹೆಸರನ್ನು ಕೇಳುವವರಿಲ್ಲ, ಕೇಳಿದರೂ ಹೇಳಬಲ್ಲವರಿಲ್ಲ. ಆದರೆ ಅವರ ಬುದ್ಧಿ ಕಲ್ಲಿನಲ್ಲಿ ಉಳಿದಿದೆ. ನದಿಯಿಲ್ಲದ ಬೆಟ್ಟದ ಮೇಲೆ ನೀರನ್ನು ಹಿಡಿದ ಬಗೆಯನ್ನೇ ನೋಡಬಹುದು. ಮೇಲಿನ ಬಂಡೆಗಳ ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ಅದು ತುಂಬಿದ ಮೇಲೆ ಅಕ್ಕತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಕೆಳಗಿನ ಹೊಂಡಗಳ ಮೂಲಕ ಊರಿನ ಸಂತೆಹೊಂಡದ ಕಡೆಗೆ ಸಾಗುತ್ತದೆ. ಬಂದ ಹನಿಯನ್ನು ಪೋಲುಮಾಡದೆ, ಒಂದರ ಹೆಚ್ಚಳವನ್ನು ಇನ್ನೊಂದರ ಕೊರತೆಗೆ ಒದಗಿಸುವ ಈ ಯೋಜನೆಯಲ್ಲಿ ಚಂದಯ್ಯನವರ ಅಳತೆಯೇ ಬೇರೊಂದು ಮಾಧ್ಯಮದಲ್ಲಿ ಕಾಣಿಸುತ್ತದೆ. ಮದ್ದು ಬೀಸುವ ದೊಡ್ಡ ಬೀಸುಕಲ್ಲುಗಳನ್ನೂ ಇದೇ ಕೋಟೆಯಲ್ಲಿ ಕಾಣಬಹುದು. ಕಿಡಿಯೊಂದು ಹಾರಿದರೆ ಪ್ರಾಣವೇ ಹೋಗಬಹುದಾದ ಆ ಕೆಲಸದಲ್ಲಿ ಎಚ್ಚರವೆಂಬುದು ಹೊಗಳಿಕೆಯ ಮಾತಾಗಿರಲಿಲ್ಲ, ನಿತ್ಯದ ಅಗತ್ಯವಾಗಿತ್ತು.

ಈ ಕೋಟೆಯ ಕಥೆಗಳಲ್ಲಿ ಜನಮನದಲ್ಲಿ ಅಚ್ಚಳಿಯದೆ ನಿಂತದ್ದು ಅರಸರದ್ದಲ್ಲ, ಕಾವಲುಗಾರನ ಹೆಂಡತಿ ಓಬವ್ವನದು. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಹೋದ ಆಕೆ, ಕಿಂಡಿಯಿಂದ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಎದುರಿಸಿದಳೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಆಕೆಯ ಶೌರ್ಯವನ್ನು ಹಾಡಿ ಹೊಗಳುತ್ತೇವೆ. ಅದರ ಹಿಂದಿನ ವಿವೇಕವನ್ನು ಗಮನಿಸುವುದು ಕಡಿಮೆ. ಕಾವಲು ಆಕೆಯ ಉದ್ಯೋಗವಲ್ಲ. ಆಕೆಗೆ ಅದಕ್ಕಾಗಿ ಸಂಬಳವಿರಲಿಲ್ಲ, ಆಯುಧವಿರಲಿಲ್ಲ, ಅಪ್ಪಣೆಯಿರಲಿಲ್ಲ. ಆದರೆ ಕಾವಲಿನ ಜಾಗ ಆ ಗಳಿಗೆಯಲ್ಲಿ ಬರಿದಾಗಿರಕೂಡದೆಂಬುದು ಆಕೆಗೆ ಹೊಳೆಯಿತು. ಇದು ತನ್ನ ಕೆಲಸವೋ ಅಲ್ಲವೋ ಎಂದು ಎಣಿಸುತ್ತ ನಿಂತಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ವೃತ್ತಿಯಲ್ಲಿ ಹಿರಿಮೆ ಪಡೆದವರ ಬಾಳಿನಲ್ಲಿ, ತಮ್ಮ ಪಾಲಿನ ಗೆರೆಯನ್ನು ದಾಟಿ ಕೆಲಸದ ಪಾಲಿಗೆ ನಿಂತ ಇಂತಹ ಗಳಿಗೆ ಒಂದಾದರೂ ಇದ್ದೇ ಇರುತ್ತದೆ.

ಮೂರನೆಯ ಸಾಕ್ಷಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಎಂದರೆ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡವಾಗಿ ಕಲ್ಲು ಗಾರೆಗಳಿಂದ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆಗ ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಶೇಷಾದ್ರಿ ಅಯ್ಯರ್ 1901ರಲ್ಲಿ ನಿಧನರಾದರು. ಮಹಾರಾಣಿಯವರು 1902ರಲ್ಲಿ ಆಡಳಿತವನ್ನು ಮಗನಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರು. ಆರಂಭಿಸಿದವರು ಅಧಿಕಾರದಲ್ಲಿಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ. ಫಲವನ್ನು ಕಾಣದೆಯೂ ಬಿತ್ತಬಲ್ಲವನೇ ದೊಡ್ಡ ಕೆಲಸಕ್ಕೆ ಕೈಹಾಕಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಮಾರಿಕಣಿವೆ ಕಲಿಸುವ ನಿಜವಾದ ಪಾಠ ಅದರ ಕೋಡಿಯಲ್ಲಿದೆ. ಈ ಜಲಾಶಯದ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ., ತುಂಬುವ ಮಟ್ಟ 130 ಅಡಿ. ಕಟ್ಟಿ ಮುಗಿದ ಮೇಲೆ ಇದು ತುಂಬಿ ಕೋಡಿ ಹರಿದದ್ದು 1933ರಲ್ಲಿ. ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಭದ್ರೆಯ ನೀರೂ ಇತ್ತ ಕಡೆಗೆ ಬರತೊಡಗಿದ ಮೇಲೆ 2025ರ ಆರಂಭದಲ್ಲಿಯೂ ಕೋಡಿ ಹರಿಯಿತು. ತುಂಬದ ಕೆರೆಗೆ ಇಷ್ಟು ದೊಡ್ಡ ಏರಿಯೇಕೆ, ಹರಿಯದ ಕೋಡಿಗೆ ಇಷ್ಟು ಕೆಲಸವೇಕೆ ಎಂದು ಮಧ್ಯದ ಎಂಬತ್ತೊಂಬತ್ತು ವರ್ಷಗಳಲ್ಲಿ ಯಾರಾದರೂ ಕೇಳಿದ್ದರೆ ಅವರನ್ನು ತಪ್ಪೆನ್ನಲಾಗದು. ಮೂರು ತಲೆಮಾರುಗಳು ಆ ಕೋಡಿ ಹರಿಯುವುದನ್ನು ಕಾಣದೆ ಕಳೆದವು. ಆದರೆ ಕಟ್ಟಿದವರು, ಎಂದೂ ಬಾರದಿರಬಹುದಾದ ನೀರಿಗೂ ದಾರಿಯನ್ನು ಅಳೆದು ಬಿಟ್ಟಿದ್ದರು. 2022ರಲ್ಲಿ ನೀರು ಬಂದಾಗ ಆ ದಾರಿ ಸಿದ್ಧವಾಗಿತ್ತು. ಕೋಡಿಯ ಕಲ್ಲನ್ನು ಕೂರಿಸಿದ ಕೂಲಿಯವನು ಅಂದು ಗಾರೆಯಲ್ಲಿ ಒಂದು ಪಾಲು ಸುಣ್ಣವನ್ನು ಕಡಿಮೆ ಮಾಡಿದ್ದರೆ ಅವನ ಜೀವಮಾನದಲ್ಲಿ ಅದನ್ನು ಕಂಡುಹಿಡಿಯುವವರು ಇರುತ್ತಿರಲಿಲ್ಲವೇನೋ. ಬಾವಿಯ ಅರ್ಧಕ್ಕೆ ಬಂದ ಕೊಡದ ಹಾಗೆ, ಪರೀಕ್ಷೆಯ ಗಳಿಗೆ ಅವನು ಹೋದ ಎಷ್ಟೋ ಕಾಲದ ಮೇಲೆ ಬಂದಿತು. ಹಗ್ಗ ಹಿಡಿಯಿತು.

ವೇದಾವತಿಯ ಜಾಡನ್ನೇ ಹಿಡಿದು ಮೇಲಕ್ಕೆ ಹೋದರೆ ಹೊಸದುರ್ಗದ ಸೀಮೆ; ಮಾರಿಕಣಿವೆಯ ಹಿನ್ನೀರು ಚಾಚಿಕೊಂಡಿರುವುದೂ ಆ ಕಡೆಗೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ಕಟ್ಟಿ ಬೆಳೆಸಿದ ಶಿವಕುಮಾರ ಕಲಾಸಂಘವು 1987ರಲ್ಲಿ ಆರಂಭವಾಯಿತು. ಅದರ ತಿರುಗಾಟದ ನಾಟಕ ತಂಡ ‘ಶಿವಸಂಚಾರ’ 1997ರಲ್ಲಿ ಹೊರಟಿತು. ಒಂದು ಸಣ್ಣ ಹಳ್ಳಿಯಿಂದ ಹೊರಟ ತಂಡವು ವರ್ಷ ವರ್ಷವೂ ಹೊಸ ನಾಟಕಗಳನ್ನು ಕಲಿತು ನಾಡಿನ ಊರೂರುಗಳಲ್ಲಿ ಆಡಿ ತೋರಿಸುತ್ತ ಬಂದಿರುವುದು ಸಾಮಾನ್ಯ ಸಂಗತಿಯಲ್ಲ. ತಿರುಗಾಟದ ನಟನ ಬಾಳು ಹೊರಗಿನಿಂದ ಕಾಣುವಷ್ಟು ಬೆಡಗಿನದಲ್ಲ. ನಿನ್ನೆ ಆಡಿದ ಪಾತ್ರವನ್ನೇ ಇಂದು ಬೇರೆ ಊರಿನಲ್ಲಿ, ಬೇರೆ ಜನರೆದುರು, ಮೊದಲ ಸಲ ಆಡುವಂತೆ ಆಡಬೇಕು. ಸಭೆ ತುಂಬಿದ್ದರೂ ಅಷ್ಟೇ, ಐವತ್ತು ಜನರಿದ್ದರೂ ಅಷ್ಟೇ. ಇಂದು ರಾಜನಾದವನು ನಾಳೆ ಆಳಿನ ಪಾತ್ರಕ್ಕೆ ಒಪ್ಪಬೇಕು. ಅಭ್ಯಾಸವೆಂಬ ಗುಣವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠಶಾಲೆ ಇಲ್ಲ. ಪ್ರತಿಭೆ ಒಂದು ರಾತ್ರಿ ಬೆಳಗಬಲ್ಲದು. ನೂರನೆಯ ರಾತ್ರಿಯೂ ಮೊದಲ ರಾತ್ರಿಯ ಶ್ರದ್ಧೆಯಿಂದ ನಿಲ್ಲುವುದು ಕಾಯಕಕ್ಕೆ ಮಾತ್ರ ಸಾಧ್ಯ. ಚಂದಯ್ಯನವರೂ ನಿತ್ಯವೂ ಹೊಸೆದದ್ದು ಹಗ್ಗವನ್ನೇ.

ಈ ನಾಲ್ಕು ಸಾಕ್ಷಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲ್ಲೀನತೆ, ಸ್ಥಾನದ ಹಮ್ಮಿಲ್ಲದ ದುಡಿಮೆ, ಬರಿದಾದ ಜಾಗವನ್ನು ತುಂಬುವ ಹೊಣೆಗಾರಿಕೆ, ಕಾಣದ ನಾಳೆಗೂ ಸಲ್ಲುವ ಪ್ರಾಮಾಣಿಕತೆ, ಬೇಸರವಿಲ್ಲದ ಅಭ್ಯಾಸ ಎಂಬ ಗುಣಗಳು ಕಾಣಬರುತ್ತವೆ. ಇವುಗಳಲ್ಲಿ ಯಾವುದೂ ಹುಟ್ಟಿನಿಂದ ಬರತಕ್ಕದ್ದಲ್ಲ. ಕುಲದಿಂದಲೂ ಪದವಿಯಿಂದಲೂ ಬರತಕ್ಕದ್ದಲ್ಲ. ಇವೆಲ್ಲವನ್ನೂ ಹುರಿಗೊಳಿಸಿ ಹಿಡಿದಿಡುವುದು ಅಳತೆ. ನೋಡುವವರಿದ್ದರೂ ಇಲ್ಲದಿದ್ದರೂ ಕೆಲಸಕ್ಕೆ ಸಲ್ಲಬೇಕಾದುದನ್ನು ಪೂರ್ಣವಾಗಿ ಸಲ್ಲಿಸುವುದು, ತನಗೆ ಸಲ್ಲಬೇಕಾದುದನ್ನು ಮಾತ್ರ ಕೊಳ್ಳುವುದು, ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ತಡೆಯದಿರುವುದು: ಅಳತೆಯೆಂದರೆ ಇಷ್ಟೇ.

ಹೀಗೆ ದುಡಿದವರೆಲ್ಲರಿಗೂ ಕೀರ್ತಿ ಬರುತ್ತದೆಂದು ಹೇಳಿದರೆ ಇತಿಹಾಸ ಒಪ್ಪುವುದಿಲ್ಲ. ದುರ್ಗದ ಹೊಂಡಗಳನ್ನು ತೋಡಿದವರಿಗೆ ಹೆಸರಿಲ್ಲ. ಮಾರಿಕಣಿವೆಯ ಕಲ್ಲು ಹೊತ್ತವರಿಗೆ ಹೆಸರಿಲ್ಲ. ಕೋಟೆಗೆ ಅರಸರ ಹೆಸರು, ಸಾಗರಕ್ಕೆ ಮಹಾರಾಣಿಯವರ ಹೆಸರು ಉಳಿಯಿತು. ಶರಣರ ಚಳವಳಿಯ ಹಿರಿಮೆ ಇಲ್ಲಿಯೇ ಇದೆ. ಲೋಕ ಹೆಸರಿಲ್ಲದೆ ಬಿಟ್ಟವರನ್ನು ಅದು ಕಸುಬಿನೊಡನೆ ಹೆಸರಿಟ್ಟು ಕರೆದು, ಅನುಭವಮಂಟಪದಲ್ಲಿ ಕುಳ್ಳಿರಿಸಿ, ಅವರ ಮಾತನ್ನು ಓಲೆಗೆ ಏರಿಸಿತು. ದುಡಿದವನ ಹೆಸರನ್ನು ಉಳಿಸುವುದೂ ಸಮಾಜವು ಸಲ್ಲಿಸಬೇಕಾದ ಒಂದು ಕಾಯಕವೇ. ನುಲೇನೂರಿನ ದಾರಿಯಲ್ಲಿ ಹೋಗುವ ಭಕ್ತರು ಚಂದಯ್ಯನವರ ಗದ್ದುಗೆಗೆ ಕೈಮುಗಿಯುವಾಗ, ತಮ್ಮ ಮನೆಯ ಬಾವಿಯ ಹಗ್ಗವನ್ನು ಹೊಸೆದವನನ್ನೂ ಒಂದು ಕ್ಷಣ ನೆನೆದರೆ ಆ ನಮಸ್ಕಾರ ಪೂರ್ಣವಾದೀತು.